ಅರ್ಧಕ್ಕೆ ಏಳದವಳು

ಪುಟ್ಟಿಯ ಅಪ್ಪನ ಸಲೂನಿನಲ್ಲಿ ಇದ್ದದ್ದು ಒಂದೇ ಕಾನೂನು: ಕುರ್ಚಿಯಲ್ಲಿ ಕೂತವರು ಅರ್ಧಕ್ಕೆ ಏಳಬಾರದು. ಫೋನು ಬಡಿದುಕೊಳ್ಳಲಿ, ಗಿರಾಕಿಯ ಹೆಂಡತಿಯೇ ಬಂದು ಬಾಗಿಲಲ್ಲಿ ನಿಲ್ಲಲಿ, ಕತ್ತರಿ ಆಡುತ್ತಿರುವಾಗ ಕೂತವನೂ ಏಳುವಂತಿಲ್ಲ, ಅಪ್ಪನೂ ಕದಲುವಂತಿಲ್ಲ. "ಅರ್ಧ ತಲೆ ಹೊತ್ಕೊಂಡು ಬೀದೀಲಿ ಹೋದ್ರೆ ಹೋಗೋದು ಅವನ ಮಾನ ಅಲ್ಲ, ನಂದು" ಎನ್ನುತ್ತಿದ್ದ ಅಪ್ಪ.

ಸಂಜೆ ಶಾಲೆಯಿಂದ ಬಂದು ಪುಟ್ಟಿ ಅಲ್ಲಿ ಕೂದಲು ಗುಡಿಸುತ್ತಿದ್ದಳು. ಕೆಲಸ ಮುಗಿದ ಮೇಲೆ ಗಿರಾಕಿಯ ಹಿಂದೆ ನಿಂತು ಕೈಗನ್ನಡಿ ಹಿಡಿಯುವುದೂ ಅವಳದೇ ಪಾಲು. ತಲೆಯ ಹಿಂಭಾಗ ನೋಡಿಕೊಂಡು ಎಲ್ಲರೂ ಹೇಳುವುದು ಒಂದೇ ಮಾತು, "ಚೆನ್ನಾಗಿದೆ". ಕಿವಿಯ ಹಿಂದೆ ಮೆಟ್ಟಿಲು ಬಿದ್ದಿದ್ದರೂ ಚೆನ್ನಾಗಿದೆ. ನಮ್ಮ ಜನ ದೇವರ ಹತ್ತಿರ ಬೇಕಾದರೆ ಜಗಳ ಆಡುತ್ತಾರೆ, ಕತ್ತರಿ ಹಿಡಿದವನ ಹತ್ತಿರ ಆಡುವುದಿಲ್ಲ.

ಇಂಥ ಅಂಗಡಿಯಲ್ಲಿ ಬೆಳೆದ ಹುಡುಗಿ ವಿಶ್ವವಿದ್ಯಾಲಯಕ್ಕೆ ಹೋದಳು. ಆ ಮನೆಯಿಂದ ಹೋದವರಲ್ಲಿ ಅವಳೇ ಮೊದಲು. ಅಪ್ಪ ಕತ್ತರಿ ಆಡಿಸುತ್ತಲೇ ಬಂದವರಿಗೆಲ್ಲ ಸುದ್ದಿ ಮುಟ್ಟಿಸಿದ್ದ. ಓಡಿಹೋಗಲಾರದ ಗಿರಾಕಿಗಳು ಪೂರ್ತಿ ಕೇಳಿಸಿಕೊಂಡಿದ್ದರು.

ಅವಳ ವಿಷಯ ಅರ್ಥಶಾಸ್ತ್ರ. ತರಗತಿಗೆ ಸರಿಯಾಗಿ ಬಾರದವರನ್ನು ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಸೇರುವ ದಿನವೇ ಎಚ್ಚರಿಸಿದ್ದರು. ಹಾಗಾಗಿ ಮೊದಲ ದಿನ ಎಲ್ಲರಿಗಿಂತ ಮುಂಚೆ ಹೋಗಿ ಕೂತಳು. ಕೋಣೆಯ ನಂಬರು ಸರಿಯಾಗಿಯೇ ಇತ್ತು, ಕಟ್ಟಡ ಮಾತ್ರ ತಪ್ಪಾಗಿತ್ತು. ಅದೇ ನಂಬರಿನ ಕೋಣೆ ಹಳೆಯ ಕಟ್ಟಡದಲ್ಲೂ ಇತ್ತು, ಹೊಸದರಲ್ಲೂ ಇತ್ತು; ಅವಳು ಹೋಗಿ ಕೂತದ್ದು ಹಳೆಯದರಲ್ಲಿ. ಮೇಷ್ಟ್ರು ಬಂದು ಕಪ್ಪು ಹಲಗೆಯ ಮೇಲೆ ಭೂಮಿಯ ಪದರಗಳನ್ನು ಬರೆದರು. ಎಲ್ಲೋ ಒಂದು ಕಡೆ ಇದು ಅರ್ಥಶಾಸ್ತ್ರಕ್ಕೆ ತಿರುಗಬಹುದು ಎಂದು ಪುಟ್ಟಿ ಕಾದಳು. ತಿರುಗಲಿಲ್ಲ. ಬಂಡೆ, ಮರಳು, ಮತ್ತೆ ಬಂಡೆ.

ಉದ್ದನೆ ಬೆಂಚಿನ ನಟ್ಟನಡುವೆ ಅವಳು. ಎದ್ದರೆ ಅರ್ಧ ಸಾಲೇ ಏಳಬೇಕು, ಮೇಷ್ಟ್ರು ಮಾತು ನಿಲ್ಲಿಸಬೇಕು, ಎಲ್ಲರೂ ತಿರುಗಿ ನೋಡಬೇಕು. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ತುಟಿ ಪಿಟಕ್ ಎನ್ನದೆ ಕೂತಳು. ಮೌನ ಬಂಗಾರ ಎಂದವರನ್ನು ಹಿಡಿದು ತಂದು ಒಂದು ಗಂಟೆ ತಪ್ಪು ತರಗತಿಯಲ್ಲಿ ಕೂರಿಸಬೇಕು.

ಒಂದು ದಿನಕ್ಕೆ ಮುಗಿದಿದ್ದರೆ ಅದು ನಗುವ ಕಥೆಯಾಗುತ್ತಿತ್ತು. ಆದರೆ ಪಕ್ಕದಲ್ಲಿ ಕೂತಿದ್ದ ಹುಡುಗಿ ಹೊರಡುವಾಗ, "ನಾಳೆ ನಿಂಗೂ ಜಾಗ ಹಿಡಿದಿಟ್ಟಿರ್ತೀನಿ ಕಣೇ" ಎಂದಳು. ಊರು ಬಿಟ್ಟು ಬಂದ ಮೇಲೆ ಪುಟ್ಟಿಯನ್ನು ಯಾರಾದರೂ ತಾವಾಗಿ ಮಾತಾಡಿಸಿದ್ದು ಅದೇ ಮೊದಲು. ಮರುದಿನ ನೋಡಿದರೆ ಬೆಂಚಿನ ಮೇಲೆ ನಿಜವಾಗಿಯೂ ಒಂದು ಚೀಲ ಇತ್ತು, ಅವಳಿಗಾಗಿ. ಕೂತಳು. ಆ ಮೇಷ್ಟ್ರಿಗೆ ಹಾಜರಿ ಕರೆಯುವ ಅಭ್ಯಾಸ ಇರಲಿಲ್ಲ. ವಾರಗಳು ತಿಂಗಳುಗಳಾದವು.

ಉಳಿದ ತರಗತಿಗಳಿಗೆ ಅವಳು ಸರಿಯಾಗಿಯೇ ಹೋಗುತ್ತಿದ್ದಳು. ಈ ಒಂದು ಗಂಟೆ ಮಾತ್ರ ಕಾಲುಗಳು ತಾವಾಗಿ ಹಳೆಯ ಕಟ್ಟಡದತ್ತ ನಡೆಯುತ್ತಿದ್ದವು. ಅವಳಿಗೆ ಭಯವೂ ಆಗುತ್ತಿರಲಿಲ್ಲ, ಬೇಸರವೂ ಆಗುತ್ತಿರಲಿಲ್ಲ. ಹಾಸ್ಟೆಲಿನಲ್ಲಿ ತಟ್ಟೆಗೆ ಬಿದ್ದದ್ದನ್ನು ತಿನ್ನುತ್ತಿದ್ದಳು; ಏನು ತಿಂದೆ ಎಂದು ಯಾರಾದರೂ ಕೇಳಿದರೆ ನೆನಪಿಸಿಕೊಳ್ಳಬೇಕಾಗುತ್ತಿತ್ತು. ಕೋಣೆಯಲ್ಲಿ ಜೊತೆಗಿದ್ದವಳು ಕಿವಿಗೆ ಸಿಕ್ಕಿಸಿಕೊಂಡ ಇಯರ್‌ಫೋನ್ ತೆಗೆಯುತ್ತಿರಲಿಲ್ಲ. ಪುಟ್ಟಿ ಮಂಚದ ಮೇಲೆ ಮಲಗಿ ಫ್ಯಾನು ನೋಡುತ್ತಿದ್ದಳು. ಅಳು ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು.

ಅಪ್ಪ ಫೋನು ಮಾಡಿದಾಗೆಲ್ಲ ಕೇಳುತ್ತಿದ್ದ, "ಹೆಂಗಿದೆ ಪುಟ್ಟಿ?"

"ಚೆನ್ನಾಗಿದೆ ಅಪ್ಪಾ."

ಕೊನೆಗೆ ಅರ್ಥಶಾಸ್ತ್ರದ ಮೇಡಂ ಅವಳನ್ನು ಕರೆಸಿಕೊಂಡರು. "ಯಾರಮ್ಮ ನೀನು? ನಿನ್ ಮುಖಾನೇ ನೋಡಿಲ್ವಲ್ಲ ನಾನು. ಇಷ್ಟು ದಿನ ಎಲ್ಲಿದ್ದೆ?"

"ಹಳೇ ಕಟ್ಟಡದಲ್ಲಿ ಕೂತಿದ್ದೆ ಮೇಡಂ."

"ಅಲ್ಲಿ ಏನಿದೆ?"

"ಬಂಡೆ ಪಾಠ."

ಮೇಡಂ ಬೈಯಲಿಲ್ಲ, ನಗಲೂ ಇಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಈ ವರ್ಷ ನೀನು ಈ ಪರೀಕ್ಷೆ ಬರೆಯೋಕಾಗಲ್ಲ. ಮುಂದಿನ ವರ್ಷ ಹೊಸಬರ ಜೊತೆ ಕೂತು ಮತ್ತೆ ಮಾಡ್ಕೋಬೇಕು. ನಿಮ್ಮಪ್ಪ ಬಂದು ನನ್ನ ನೋಡ್ಲಿ. ಇವತ್ತೇ ಹೇಳ್ಬಿಡಮ್ಮ."

ಪುಟ್ಟಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಪರೀಕ್ಷೆ ಹೋಯಿತು ಎಂಬುದು ಯಾರದೋ ಮನೆಯ ಸುದ್ದಿ ಎನಿಸುತ್ತಿತ್ತು. ಅಪ್ಪನಿಗೆ ಹೇಳುವುದು ಹೇಗೆ ಎಂಬುದೊಂದೇ ತಲೆಯಲ್ಲಿತ್ತು. ಅಪ್ಪನ ಊರಿನಲ್ಲಿ ಅವಳ ಓದಿನ ಸುದ್ದಿ ಕೇಳದ ತಲೆಯೇ ಉಳಿದಿರಲಿಲ್ಲ. ಫೋನು ಮಾಡಿದಳು. ಅಪ್ಪ ಎಂದಿನಂತೆ ಫೋನನ್ನು ಸ್ಪೀಕರಿಗೆ ಹಾಕಿ ಕನ್ನಡಿಯ ಮುಂದೆ ಇಟ್ಟುಕೊಂಡೇ ಮಾತಿಗೆ ತೊಡಗಿದ. ಹಿಂದಿನಿಂದ ಕತ್ತರಿಯ ಸದ್ದು ಕೇಳುತ್ತಿತ್ತು.

"ಹೆಂಗಿದೆ ಪುಟ್ಟಿ?"

ಬಾಯಿಗೆ ಬಂದದ್ದು ಹಳೆಯ ಮಾತೇ. ಅದನ್ನು ನುಂಗಿದಳು.

"ಚೆನ್ನಾಗಿಲ್ಲ ಅಪ್ಪಾ."

ಕತ್ತರಿಯ ಸದ್ದು ನಿಂತಿತು. ಅವಳು ಒಂದೇ ಉಸಿರಿಗೆ ಹೇಳಿದಳು: ಕಟ್ಟಡ ತಪ್ಪಿದ್ದು, ಏಳಲಾಗದೆ ಕೂತದ್ದು, ಪರೀಕ್ಷೆ ಹೋದದ್ದು, ಅಪ್ಪ ಬರಬೇಕಾದದ್ದು. ಹೇಳುವಾಗಲೂ ದನಿ ಸಪ್ಪೆಯಾಗಿಯೇ ಇತ್ತು. ಕುರ್ಚಿ ಕಿರ್ರೆಂದಿತು. ಬಾಗಿಲು ತೆರೆದ ಸದ್ದು, ಆಮೇಲೆ ಬೀದಿಯ ಗದ್ದಲ.

"ಅಪ್ಪಾ, ಎಲ್ಲಿದ್ದೀಯ?"

"ಹೊರಗೆ ಬಂದೆ. ಒಳಗೆ ಸರಿಯಾಗಿ ಕೇಳಿಸ್ತಿರಲಿಲ್ಲ."

"ಕುರ್ಚೀಲಿ ಯಾರೂ ಇಲ್ವಾ?"

"ಇದಾರೆ. ಒಂದು ಕಡೆ ಆಗಿದೆ, ಇನ್ನೊಂದು ಕಡೆ ಬಾಕಿ. ಕಾಯ್ತಾರೆ ಬಿಡು. ನೀನು ಮೊದಲಿಂದ ಹೇಳು."

ಪುಟ್ಟಿ ಹೇಳಲು ಬಾಯಿ ತೆರೆದಳು. ಇಷ್ಟು ತಿಂಗಳು ಬಾರದ ಅಳು ಆಗ ಬಂತು.