ಕಮಲಾಪುರದ ಬಂಡಮ್ಮನ ಕೌದಿ
ಕಲಬುರಗಿಯ ದೊಡ್ಡ ಮನೆಗಳೂ ಚಳಿಗಾಲದಲ್ಲಿ ಹೊದೆಯುವುದು ಹಳೆಯ ಚಿಂದಿಯನ್ನೇ. ಆ ಚಿಂದಿಯನ್ನು ಪದರ ಪದರವಾಗಿ ಹೊಲಿದು ಕೌದಿ ಮಾಡುವವಳು ಕಮಲಾಪುರದ ಬಂಡಮ್ಮ. ಅವಳ ಜಾತಿಗೆ ಹೊಸ್ತಿಲು ದಾಟುವ ಹಕ್ಕಿಲ್ಲ, ಅದಕ್ಕೇ ಬಿಸಿಲಲ್ಲಿ, ಕಟ್ಟೆಯ ಕೆಳಗೆ ಕೂತು ಹೊಲಿಯುತ್ತಾಳೆ. ಅತ್ತೆಯ ಸೀರೆ, ಸೊಸೆಯ ಸೀರೆ ಒಟ್ಟಿಗೆ ಕೊಟ್ಟರೆ, “ಮಗ್ಗಲಕ ಮಗ್ಗಲ ಬ್ಯಾಡ್ರೀ, ದಾರ ತಾಳಂಗಿಲ್ಲ” ಎಂದು ನಡುವೆ ಮಾವನ ಧೋತರ ತುರುಕುತ್ತಾಳೆ. “ಏ ಬಂಡಮ್ಮ, ನಮ್ಮ ಸಾಹೇಬರ ಶೇರವಾನಿ ಕಾಲಕಡಿ ಯಾಕ ಹಚ್ಚಿದಿ?” ಎಂದು ನಿಜಾಮರ ಕಚೇರಿಯಲ್ಲಿ ಕಡತ ನೋಡುವ ಪೇಶಕಾರರ ಹೆಂಡತಿ ಕಸ್ತೂರಿಬಾಯಿ ರೇಗಿದರೆ, “ಹಗಲೆಲ್ಲ ಮಂದಿ ತಲಿಮ್ಯಾಗ ಕುಂದರ್ತದ್ರೀ, ರಾತ್ರಿರೆ ಕಾಲ ಒತ್ತಲಿ” ಎನ್ನುತ್ತಾಳೆ. ನೀರು ಬೇಕಾದಾಗ ಮಾತ್ರ ದನಿ ಇಳಿಯುತ್ತದೆ: “ಚರಗಿ ಕೈಯಾಗ ಕೊಡ್ರೀ, ಅರ್ಧ ನೀರು ಮಣ್ಣೇ ಕುಡೀತದ.” “ಸುಮ್ನ ಬೊಗಸಿ ಹಿಡಿ!” ಎಂದು ಕಸ್ತೂರಿಬಾಯಿ ಮೇಲಿನಿಂದಲೇ ಹೊಯ್ಯುತ್ತಾಳೆ. ಬಂಡಮ್ಮ ಕುಡಿದು, ಬಾಯಿ ಒರೆಸಿಕೊಂಡ ಸೆರಗಿನ ಚೂರೊಂದನ್ನು ಕತ್ತರಿಸಿ, ಕೌದಿಯಲ್ಲಿ ಎದೆಗೆ ಬರುವ ಜಾಗಕ್ಕೆ ಹೊಲಿದುಬಿಡುತ್ತಾಳೆ. ಮನೆಮನೆಗೂ ಹೀಗೆ ಹಂಚಿ ಹಂಚಿ ಈಗ ಅವಳ ಸೆರಗು ಬಿಸಿಲಿಗೆ ತಲೆ ಮುಚ್ಚುವಷ್ಟೂ ಉಳಿದಿಲ್ಲ. ಆ ಚೂರನ್ನು ಎದೆಗವಚಿಕೊಂಡು ದೊಡ್ಡ ಮನೆಯ ನೀವೆಲ್ಲ ಬೆಚ್ಚಗೆ ಮಲಗಿದ್ದೀರಿ, ಯಾರಿಗೂ ಮೈಲಿಗೆ ತಟ್ಟಿಲ್ಲ. ನಾಳೆ ಬಂಡಮ್ಮ ಬಂದರೆ ಪಡಸಾಲೆಯ ನೆರಳಲ್ಲಿ ಕೂರಿಸಿ, ಚರಿಗೆಯನ್ನು ಅವಳ ಕೈಗೇ ಕೊಡಿ.