ಅರಿಶಿನ ಕುಂಕುಮದ ಅಂದಾಜು ಬೆಲೆ

ಲಗ್ಗೆರೆಯಲ್ಲಿ ಶೋಭಾರಾಣಿಯ ಹೊಲಿಗೆ ಶೆಡ್ ಮೂರನೇ ಮಹಡಿಯ ಮೇಲಿದೆ. ಒಂಬತ್ತು ಮೆಷಿನ್, ಒಂಬತ್ತು ಹೆಂಗಸರು, ಒಂದು ಫ್ಯಾನು. ಆ ಫ್ಯಾನಿಗೂ ಮನಸ್ಸು ಬಂದರೆ ತಿರುಗುತ್ತದೆ, ಇಲ್ಲದಿದ್ದರೆ ಇಲ್ಲ. ಹದಿನಾಲ್ಕು ವರ್ಷ ಗಾರ್ಮೆಂಟ್ಸಿನಲ್ಲಿ ಕಾಲರ್ ಕೂರಿಸಿ ಕೂರಿಸಿ ಬೆನ್ನು ಬಿದ್ದುಹೋದ ಮೇಲೆ ಅವಳು ಇದನ್ನು ಹಾಕಿಕೊಂಡಳು. ಪೀಣ್ಯದ ಒಂದು ಪಂಪ್ ಕಾರ್ಖಾನೆಗೆ ನೀಲಿ ಕೋಟು ಹೊಲಿದುಕೊಡುವುದೇ ಕೆಲಸ. ಬೇರೆ ಗಿರಾಕಿ ಅಂತ ಹೇಳಿಕೊಳ್ಳುವಂಥವರು ಯಾರೂ ಇಲ್ಲ.

ಮೊದಲು ಆ ಕಾರ್ಖಾನೆಯ ಯಜಮಾನರು ಇಲ್ಲಿಯವರೇ. ಆಯುಧಪೂಜೆಗೆ ಕರೆಯುತ್ತಿದ್ದರು, ಬೂಂದಿ ಪೊಟ್ಟಣ ಕೈಗಿಡುತ್ತಿದ್ದರು, "ಮುಂದಿನ ವರ್ಷಾನೂ ನೀನೇ ಹೊಲಿಯಮ್ಮ" ಅನ್ನುತ್ತಿದ್ದರು. ಕರಾರು ಅಷ್ಟೇ. ಮೂರು ವರ್ಷದ ಹಿಂದೆ ಯಾವುದೋ ಚಳಿದೇಶದ ಕಂಪನಿ ಅದನ್ನು ಕೊಂಡುಕೊಂಡಿತು. ಅಂದಿನಿಂದ ಶೋಭಾರಾಣಿ ‘ಪಾರ್ಟ್ನರ್’ ಆದಳು. ಬರುವ ಕಾಗದಗಳೆಲ್ಲ ‘ಪ್ರಿಯ ಪಾರ್ಟ್ನರ್’ ಅಂತಲೇ ಶುರುವಾಗುತ್ತಿದ್ದವು. ಪೆದ್ದಿ, ನಂಬಿಬಿಟ್ಟಳು.

ನಂಬಲು ಕಾರಣ ಸ್ಫೂರ್ತಿ. ಕಂಪನಿಯ ಖರೀದಿ ವಿಭಾಗದ ಹುಡುಗಿ, ತಿಪಟೂರು ಕಡೆಯವಳು. ‘ಶೋಭಕ್ಕ’ ಅಂತ ಬಾಯ್ತುಂಬ ಕರೆಯುತ್ತಿದ್ದಳು. ಈ ಸಲ ವರಮಹಾಲಕ್ಷ್ಮಿ ಹಬ್ಬಕ್ಕೆ ಶೋಭಾರಾಣಿ ಅವಳನ್ನೂ ಕರೆದಳು. "ಟ್ರೈ ಮಾಡ್ತೀನಿ ಶೋಭಕ್ಕ" ಅಂದವಳು ಬರಲಿಲ್ಲ. ಕರೆದ ಹೆಣ್ಣುಮಗಳು ಬರದಿದ್ದರೆ ಏನು ಮಾಡಬೇಕು? ಅವಳ ಪಾಲಿನದನ್ನು ಅವಳಿಗೆ ಮುಟ್ಟಿಸಬೇಕು. ಶೋಭಾರಾಣಿಯ ಅಮ್ಮ ಮಾಡುತ್ತಿದ್ದುದು ಅದನ್ನೇ, ಅಜ್ಜಿ ಮಾಡುತ್ತಿದ್ದುದೂ ಅದನ್ನೇ. ಹುಡುಗಿಯ ಮನೆ ಗೊತ್ತಿರಲಿಲ್ಲ, ಕಾರ್ಖಾನೆಯ ಗೇಟಿನಲ್ಲಿ ಚೀಲ ಕೊಟ್ಟು ಬಂದಳು. ಒಂದು ರವಿಕೆ ಕಣ, ಒಂದು ಡಜನ್ ಹಸಿರು ಬಳೆ, ತೆಂಗಿನಕಾಯಿ, ಎಲೆ ಅಡಿಕೆ, ಅರಿಶಿನ ಕುಂಕುಮದ ಪೊಟ್ಟಣ.

ಎಂಟನೇ ದಿನ ಚೀಲ ಕೊರಿಯರಿನಲ್ಲಿ ವಾಪಸ್ ಬಂತು. ಎಲೆ ಕೊಳೆತುಹೋಗಿತ್ತು. ಜತೆಗೊಂದು ಕಾಗದ: ನೀವು ನಮ್ಮ ನೌಕರರಿಗೆ ಉಡುಗೊರೆ ಕಳಿಸಿದ್ದೀರಿ, ಇದನ್ನು ಆಮಿಷವೆಂದು ಪರಿಗಣಿಸಲಾಗುವುದು, ವಿಚಾರಣೆ ಮುಗಿಯುವವರೆಗೆ ನಾನೂರು ಕೋಟಿನ ಆರ್ಡರ್ ತಡೆಹಿಡಿಯಲಾಗಿದೆ.

"ತಾಂಬೂಲಾನ ಯಾರಾನ ತಿರುಗಿಸಿ ಕಳಿಸ್ತಾರಾ? ಇಂಗೂ ಇರ್ತಾರಾ ಜನ" ಅಂದಳು ಪಿಳ್ಳಮ್ಮ. ಶೆಡ್ಡಿನಲ್ಲಿ ಎಲ್ಲರಿಗಿಂತ ಹಿರಿಯಳು ಅವಳೇ.

ಶೋಭಾರಾಣಿ ಕೊಳೆತ ಎಲೆ ಆಯ್ದು ಹೊರಗೆ ಹಾಕಿದಳು. ಅವಮಾನವಾಗಿತ್ತು, ಅದಕ್ಕಿಂತ ಹೆಚ್ಚಾಗಿ ಭಯ. ಈ ಆರ್ಡರ್ ಹೋದರೆ ಶೆಡ್ಡಿಗೆ ಬೀಗ, ಒಂಬತ್ತು ಜನಕ್ಕೂ ಮತ್ತೆ ಗಾರ್ಮೆಂಟ್ಸಿನ ಗೇಟೇ ಗತಿ.

ಮಾರನೇ ದಿನ ಕಂಪನಿಗೆ ಹೋದಳು. ಗಾಜಿನ ರೂಮಿನಲ್ಲಿ ಸ್ಫೂರ್ತಿ ಎದ್ದು ನಿಂತಳು.

"ಕೂತ್ಕೊಳ್ಳಿ ಶೋಭಾರಾಣಿ ಅವ್ರೇ."

ಅಲ್ಲಿಗೆ ‘ಶೋಭಕ್ಕ’ ಅನ್ನುವುದು ಮುಗಿಯಿತು.

"ನೀವು ಯಾಕೆ ಕೊಟ್ರಿ ಅಂತ ನಂಗೆ ಗೊತ್ತು. ಆದ್ರೆ ಗೇಟಲ್ಲಿ ಎಂಟ್ರಿ ಆಗೋಯ್ತು, ನಾನು ರಿಪೋರ್ಟ್ ಮಾಡ್ಲೇಬೇಕಿತ್ತು. ಮಾಡ್ದಿದ್ರೆ ನನ್ ಕೆಲ್ಸಾನೇ ಹೋಗ್ತಿತ್ತು. ಆ ದೇಶದವ್ರ ಕಡೆ ವ್ಯಾಪಾರ ಬೇರೆ, ಹೋಗಿಬರೋ ಬಳಕೆ ಬೇರೆ. ಎರಡೂ ಬೆರೆತ್ರೆ ಅನುಮಾನ ಬರುತ್ತೆ."

"ನಮ್ ಕಡೆ ಬೆರೀದಿದ್ರೆ ಅನುಮಾನ ಬರುತ್ತೆ ಮೇಡಂ" ಅಂದಳು ಶೋಭಾರಾಣಿ. ಜಗಳಕ್ಕೆ ಅಂದದ್ದಲ್ಲ. ಜಗಳವಾಡುವ ಶಕ್ತಿ ಯಾರಿಗಿತ್ತು?

ಸ್ಫೂರ್ತಿ ಒಂದು ಫಾರಂ ಮುಂದಿಟ್ಟಳು. ಕೊಟ್ಟ ವಸ್ತು ಯಾವುದು, ಅದರ ಅಂದಾಜು ಬೆಲೆ ಎಷ್ಟು. ರವಿಕೆ ಕಣ, ಬಳೆ, ಕಾಯಿ, ಎಲೆ ಅಡಿಕೆ, ಎಲ್ಲಕ್ಕೂ ಬೆಲೆ ಬರೆದಾಯಿತು. ಅರಿಶಿನ ಕುಂಕುಮದ ಮುಂದೆ ಪೆನ್ನು ನಿಂತಿತು. ಅಲ್ಲ, ಇದಕ್ಕೆ ಏನಂತ ಬರೆಯುವುದು?

"ಏನಾದ್ರೂ ಹಾಕಿ. ಖಾಲಿ ಬಿಟ್ರೆ ಸಿಸ್ಟಮ್ ತಗೊಳ್ಳಲ್ಲ" ಅಂದಳು ಸ್ಫೂರ್ತಿ, ಮುಖ ಎತ್ತದೆ.

ಐದು ರೂಪಾಯಿ ಅಂತ ಬರೆದಳು. ಕಂಪನಿಯ ಯಾವ ನೌಕರರಿಗೂ ಇನ್ನು ಮುಂದೆ ಏನನ್ನೂ ಕೊಡುವುದಿಲ್ಲ ಅಂತ ಕೆಳಗೆ ಸಹಿ ಹಾಕಿದಳು. ವಾಪಸ್ ಬರುವಾಗ ಬಸ್ಸಿನಲ್ಲಿ ಅಳು ಬಂತು. ಅಳುವುದಕ್ಕೂ ಬೇಜಾರಾಗಿ ಕಿಟಕಿಗೆ ತಲೆ ಆನಿಸಿ ಕೂತಳು.

ಆರ್ಡರ್ ಬಿಡುವ ಮೊದಲು ಶೆಡ್ ತಪಾಸಣೆ ಆಗಬೇಕೆಂದರು. ಬಂದವಳು ಸ್ಫೂರ್ತಿಯೇ, ಅದೂ ಶುಕ್ರವಾರ. ವೈರಿಂಗ್ ನೋಡಿದಳು, ಬೆಂಕಿ ಆರಿಸುವ ಸಿಲಿಂಡರ್ ನೋಡಿದಳು, ತನ್ನ ಬಾಟಲಿಯ ನೀರನ್ನೇ ಕುಡಿದಳು. ಕಾಫಿ ಅಂತ ಯಾರೂ ಕೇಳಲಿಲ್ಲ. ಎಲ್ಲ ಸರಿಯಿದೆ ಅಂತ ಬರೆದುಕೊಂಡು ಬಾಗಿಲವರೆಗೆ ಹೋದವಳು ನಿಂತಳು.

"ಶೋಭಕ್ಕ, ಇವತ್ತು ಶುಕ್ರವಾರ. ಕುಂಕುಮ ಕೊಡಲ್ವಾ?"

ಶೋಭಾರಾಣಿಯ ಕೈ ತಾನಾಗಿ ಲಕ್ಷ್ಮಿ ಫೋಟೋದ ಮುಂದಿನ ಭರಣಿಗೆ ಹೋಯಿತು, ಉಂಗುರದ ಬೆರಳಿಗೆ ಕುಂಕುಮ ಅಂಟಿತು. ಅಷ್ಟರಲ್ಲಿ ಹಾಕಿದ ಸಹಿ ನೆನಪಾಯಿತು. ಇದೂ ಪರೀಕ್ಷೆಯೋ ಏನೋ. ಹುಡುಗಿಯ ಮುಖ ನೋಡಿದಳು. ಅಂಥದ್ದೇನೂ ಕಾಣಲಿಲ್ಲ. ಆದರೂ ಧೈರ್ಯ ಬರಲಿಲ್ಲ.

"ಸೈನ್ ಹಾಕ್ಕೊಟ್ಟಿದೀನಲ್ಲ ಮೇಡಂ. ಇದನ್ನೇ ನಂಬ್ಕೊಂಡು ಒಂಬತ್ತು ಜನ ಇದಾರೆ."

ಸ್ಫೂರ್ತಿ ತಲೆಯಾಡಿಸಿ ಮೆಟ್ಟಿಲಿಳಿದಳು. ಹುಟ್ಟಿದಾರಭ್ಯ ಶೋಭಾರಾಣಿ ಶುಕ್ರವಾರ ಬಂದ ಹೆಣ್ಣನ್ನು ಬರಿ ಹಣೆಯಲ್ಲಿ ಕಳಿಸಿದವಳಲ್ಲ. ಹೆಜ್ಜೆಸದ್ದು ಬೀದಿಗೆ ಇಳಿಯುವವರೆಗೂ ಬೆರಳು ಎತ್ತಿಕೊಂಡೇ ನಿಂತಿದ್ದಳು. ಆಮೇಲೆ ಕೂತು, ಆ ಕುಂಕುಮವನ್ನು ಹೊಸಿಲಿಗೆ ಇಟ್ಟಳು.

ಸೋಮವಾರ ಆರ್ಡರ್ ಬಂತು. ‘ಪ್ರಿಯ ಪಾರ್ಟ್ನರ್’ ಅಂತಲೇ ಇತ್ತು.