ಥಂಡಿ ಹಿಡಿದ ಓತಿಕ್ಯಾತ

೧೯೫೬ರ ನವೆಂಬರ್, ಬೀದರ್ ಮೈಸೂರು ರಾಜ್ಯಕ್ಕೆ ಸೇರಿ ಮೂರು ವಾರವಾಗಿತ್ತು. ನಮ್ಮ ಪ್ರಯೋಗಶಾಲೆಗೆ ನಿಜಾಮನ ಕಾಲದ ಅಟೆಂಡರ್ ಖಾಜಾಮಿಯಾ ಇನ್ನೂ ಬೇಕೇ ಎಂದು ನೋಡಲು ಬೆಂಗಳೂರಿನಿಂದ ಅಧಿಕಾರಿ ಬಂದಿದ್ದರು.

ಮೊಲಗಳ ಮೇಲೆ ಪ್ರಯೋಗ ಮಾಡಿ ಪದವಿ ಪಡೆದಿದ್ದ ನಾನು ಅವರೆದುರು, ಪ್ರಜ್ಞೆ ತಪ್ಪಿಸಿದ ಓತಿಕ್ಯಾತದ ಕರುಳ ಪೊರೆಗೆ ಅಡ್ರಿನಲಿನ್ ಹನಿ ಬಿಟ್ಟೆ. ರಕ್ತನಾಳ ಕುಗ್ಗಬೇಕಿತ್ತು. ಕುಗ್ಗಲಿಲ್ಲ. ಎರಡನೇ ಹನಿಗೂ ಅಷ್ಟೆ.

“ಇಷ್ಟಕ್ಕೆ ಇಬ್ಬರು ಬೇಕೇನ್ರೀ?” ಎಂದರು ಅಧಿಕಾರಿ.

ಖಾಜಾಮಿಯಾ ಪ್ರಾಣಿಯ ಬೆನ್ನು ಮುಟ್ಟಿ ನೋಡಿದರು. “ಥಂಡಿ ಹಿಡದದ ಸಾಬ್. ಇದು ನಿಮ್ಮ ಮೊಲ ಅಲ್ರಿ, ಮೈ ಕಾಯ್ದ ಮ್ಯಾಲೇ ಕೆಲಸ ಮಾಡ್ತದ.”

ಅವರು ಉಪ್ಪುನೀರು ಬೆಚ್ಚಗೆ ಮಾಡಿ ಪೊರೆಯ ಮೇಲೆ ಹರಿಸಿದರು. ನಾನು ಮತ್ತೆ ಹನಿ ಬಿಟ್ಟೆ. ಸೂಕ್ಷ್ಮದರ್ಶಕದಲ್ಲಿ ಕೆಂಪು ನಾಳ ದಾರದಷ್ಟು ಸಣ್ಣದಾಯಿತು.

ಅಧಿಕಾರಿ ಬಗ್ಗಿ ನೋಡಿದರು. ಆಮೇಲೆ ಬಂದ ವರದಿಯಲ್ಲಿ ನನ್ನ ಪದವಿಯ ಮಾತೇ ಇರಲಿಲ್ಲ. ಬೇಕಾದ ಸಿಬ್ಬಂದಿ: ಇಬ್ಬರು.